ಪರವಾ ಇದೆ

ಮಾರ್ಚ್ 4, ಬೆಳಿಗ್ಗೆ 6.30

ಟೀ ಆಯಿತು. ಅಂಗಿಯ ತೋಳಿಗೆ ಬಲಗೈ ತೂರಿಸಲು ಹತ್ತು ನಿಮಿಷ. ಬಟ್ಟೆ ತಾಗಿದರೆ ಕೆಂಡ ಇಟ್ಟ ಹಾಗೆ. ಇಪ್ಪತ್ತಾರು ವರ್ಷ ಬಟ್ಟೆ ಕತ್ತರಿಸಿದ ಕೈ ಇದು. ಈಗ ಇದಕ್ಕೆ ಬಟ್ಟೆ ಕಂಡರಾಗುವುದಿಲ್ಲ.

ಬರೆಯುವುದು ಎಡಗೈಯಲ್ಲಿ. ಕಾಗೆಕಾಲು ಗುಬ್ಬಿಕಾಲು. ನನಗೆ ಓದಲು ಬಂದರೆ ಸಾಕು, ಯಾರಿಗೂ ತೋರಿಸುವುದಲ್ಲ. ತೋರಿಸುವ ಪುಸ್ತಕ ಬೇರೆ ಇದೆ, ನೋವಿನ ಕ್ಲಿನಿಕ್‌ನವರು ಕೊಟ್ಟಿದ್ದು. ದಿನಕ್ಕೊಂದು ನಂಬರ್ ಹಾಕಬೇಕು, ಸೊನ್ನೆಯಿಂದ ಹತ್ತರೊಳಗೆ. ಇವತ್ತು 4 ಹಾಕಿದೆ.

ಮಾರ್ಚ್ 5

ಮರೆಯುವ ಮುಂಚೆ ಬರೆದಿಡಬೇಕು. ಡಿಸೆಂಬರ್ 11. ಎದೆನೋವು ಅಂತ ಹೋದೆ. ಆಂಜಿಯೋಗ್ರಾಮ್ ಅಂದರು. ಮಣಿಕಟ್ಟಿನ ರಕ್ತನಾಳದಲ್ಲಿ ಸಣ್ಣ ಟ್ಯೂಬ್ ಬಿಟ್ಟು ಹೃದಯದವರೆಗೂ ಹೋಗಿ ನೋಡ್ತೀವಿ, ಸಂಜೆಗೆ ಮನೆ.

ಟ್ಯೂಬ್ ಒಳಗೆ ಸಿಕ್ಕಿಕೊಂಡಿತು. ರಕ್ತನಾಳ ಬಿಗಿಯಾಗಿ ಹಿಡಿದುಕೊಂಡಿದೆಯಂತೆ. ಎಳೆದರು. ಮತ್ತೆ ಎಳೆದರು. ಮೂರನೇ ಸಲ ಎಳೆದಾಗ ಭುಜದವರೆಗೂ ಏನೋ ಹರಿದ ಹಾಗೆ…

"ಸಾರಿ ಅಮ್ಮಾ, ನೋವಾಯ್ತಾ?" ಅಂದರು ಹೃದಯದ ಡಾಕ್ಟರು.

"ಪರವಾಗಿಲ್ಲ ಡಾಕ್ಟ್ರೇ" ಅಂದೆ.

ನಾನೇ! ಕಣ್ಣಲ್ಲಿ ನೀರು ಸುರಿಯುತ್ತಿದೆ, ಬಾಯಲ್ಲಿ ಪರವಾಗಿಲ್ಲ. ಬಸ್ಸಲ್ಲಿ ಯಾರಾದರೂ ಕಾಲು ತುಳಿದರೆ ಹೇಳುವ ಮಾತು. ಆಮೇಲೆ ನರ್ಸ್ ಕೇಳಿದಳು, ಅವಳಿಗೂ ಅದನ್ನೇ ಹೇಳಿದೆ. ಬಿಡುಗಡೆ ಮಾಡುವಾಗ ಇನ್ನೊಂದು ಸಲ.

ಹೃದಯ ಚೊಕ್ಕವಾಗಿತ್ತು. ಎದೆನೋವು ಗ್ಯಾಸಿನದಂತೆ. ಗ್ಯಾಸಿಗೆ ಹೋಗಿ ಕೈ ಕೊಟ್ಟು ಬಂದೆ.

ಮಾರ್ಚ್ 9, ಸಂಜೆ

ಕೆಲಸಕ್ಕೆ ಹೋಗಿದ್ದೆ. ಎಡಗೈಯಲ್ಲಿ ಕತ್ತರಿ ಹಿಡಿದೆ. ಬಲಗೈ ಕತ್ತರಿ ಎಡಗೈಯಲ್ಲಿ ಕತ್ತರಿಸುವುದಿಲ್ಲ, ಬಟ್ಟೆಯನ್ನು ಅಗಿಯುತ್ತದೆ. ಗೊತ್ತಿದ್ದೂ ಹಿಡಿದೆ. ಯೂನಿಫಾರ್ಮಿನ ನಾಲ್ಕು ಕಾಲರ್ ಹಾಳು.

ಯಜಮಾನರು ಬಂದು ನೋಡಿದರು. ಕೆಟ್ಟವರಲ್ಲ. ಆದರೂ…

"ನೋಡೋಕೆ ಕೈ ಚೆನ್ನಾಗೇ ಇದೆಯಲ್ಲಾ ಅಕ್ಕ. ಪ್ಲಾಸ್ಟರಿಲ್ಲ, ಗಾಯ ಇಲ್ಲ. ಆಸ್ಪತ್ರೆಯವರು ಒಂದು ಲೆಟರ್ ಕೊಡ್ಲಿ, ಈ ಕೈಗೆ ಹೀಗಾಗಿದೆ ಅಂತ. ಕಟಿಂಗಿಂದ ತೆಗೆದು ಚೆಕಿಂಗಿಗೆ ಹಾಕ್ತೀನಿ. ಲೆಟರ್ ಇಲ್ದೆ ಬೇರೆಯವ್ರಿಗೆ ಏನು ಹೇಳ್ಲಿ? ತಿಂಗಳ ಕೊನೆವರೆಗೆ ನೋಡೋಣ."

ಆಮೇಲೆ ಏನು ಅಂತ ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ.

ಮಾರ್ಚ್ 12

ಲೆಟರ್ ಕೇಳಲು ಹೃದಯದ ಡಾಕ್ಟರ ಹತ್ತಿರ ಹೋದೆ. ಫೈಲ್ ತೆಗೆದು ಓದಿದರು. "ಪೇಷಂಟ್ ಕಂಫರ್ಟಬಲ್. ದೂರು ಏನೂ ಇಲ್ಲ. ಮೂರು ಕಡೆ ಬರೆದಿದೆ ನೋಡಿ, ನೀವು ಹೇಳಿದ್ದೇ." ಆಮೇಲೆ ನೋವಿನ ಪುಸ್ತಕ ತಿರುವಿದರು. "ನಾಲ್ಕು, ನಾಲ್ಕು, ಐದು, ನಾಲ್ಕು. ನಾಲ್ಕು ಅಂದ್ರೆ ಅಷ್ಟೇನಿಲ್ಲ ಅಲ್ವಾ ಅಮ್ಮಾ?"

ನನ್ನ ಮಾತು, ನನ್ನ ನಂಬರ್. ನನ್ನ ಕೈಯಿಂದಲೇ ನನ್ನ ಕಣ್ಣು ಚುಚ್ಚಿದ ಹಾಗಾಯಿತು.

ಮನೆಗೆ ಬಂದು ತಂಗಿಗೆ ಹೇಳಿದೆ. ನಾವಿಬ್ಬರೇ ಇರುವುದು. "ಪಕ್ಕದ ರೂಮಲ್ಲಿ ಮಲ್ಗಿರೋಳು ನಾನು. ನೀನು ನರಳೋದು ಕೇಳ್ತೀನಿ. ಅದು ನಾಲ್ಕಾ?" ಅಂದಳು.

"ಎಂಟು" ಅಂದೆ.

"ಮತ್ತೆ ನಾಲ್ಕು ಯಾಕೆ ಬರೆದೆ?"

ಯಾಕೆ ಅಂದರೆ, ಈಗಲೇ ಎಂಟು ಹತ್ತು ಅಂದುಬಿಟ್ಟರೆ ನಾಳೆ ಹೆಚ್ಚಾದಾಗ ಎಲ್ಲಿಗೆ ಹೋಗಲಿ? ಹೊಲಿಗೆ ಬಿಚ್ಚಿ ಅಗಲ ಮಾಡಲು ಒಳಗೆ ಬಟ್ಟೆ ಬಿಟ್ಟಿರಬೇಕು. ಮಾರ್ಜಿನ್ ಬಿಡದೆ ನಾನು ಯಾವತ್ತೂ ಕತ್ತರಿಸಿದವಳಲ್ಲ.

ತಂಗಿ ನಗಲಿಲ್ಲ. "ನೋವಿಗೂ ಮಾರ್ಜಿನ್ ಬಿಟ್ಯಲ್ಲೇ ಅಕ್ಕ. ಇನ್ಮೇಲೆ ನಿನ್ನ ಬಾಯಲ್ಲಿ ಪರವಾಗಿಲ್ಲ ಅಂತ ಬಂದ್ರೆ ನೋಡು." ಕಾಗದ ತಂದು ಕೂತಳು. ನಾನು ಹೇಳಿದೆ, ಅವಳು ಬರೆದಳು. ಆಸ್ಪತ್ರೆಗೆ ದೂರಿನ ಅರ್ಜಿ. ಕೆಳಗೆ ಎಡಗೈಯಲ್ಲಿ ನನ್ನ ಸಹಿ.

ಮಾರ್ಚ್ 19, ಮಧ್ಯಾಹ್ನ

ಅರ್ಜಿ ವಾಪಸ್ ಬಂದಿದೆ.

"ಅರ್ಜಿಯ ಸಹಿಯು ಡಿಸೆಂಬರ್ 11ರ ಒಪ್ಪಿಗೆ ಪತ್ರದ ಸಹಿಗೆ ಹೊಂದಿಕೆಯಾಗುತ್ತಿಲ್ಲ. ಆದ್ದರಿಂದ ಪರಿಗಣಿಸಲಾಗಿಲ್ಲ."

ಐದು ಸಲ ಓದಿದೆ. ಕೈ ಕೆಡಿಸಿದವರು ಅವರು. ಕೆಟ್ಟ ಕೈಯಲ್ಲಿ ಸಹಿ ಮಾಡಿದರೆ ಮಾತ್ರ ಕೈ ಕೆಟ್ಟಿದೆ ಅನ್ನುವ ದೂರು ಕೇಳುತ್ತಾರಂತೆ! ನಾಲಿಗೆ ಕತ್ತರಿಸಿ, ಎಲ್ಲಿ ಕೂಗು ನೋಡೋಣ ಅಂದ ಹಾಗಾಯಿತು.

ಮೈಯೆಲ್ಲ ಉರಿ. ಇವತ್ತು ಕೈಯೊಂದೇ ಅಲ್ಲ. ಪುಸ್ತಕದಲ್ಲಿ 8. ಮಾರ್ಜಿನ್ ಬಿಟ್ಟಿಲ್ಲ.

ಮಾರ್ಚ್ 21, ಸಂಜೆ 5

ಆಸ್ಪತ್ರೆಗೆ ಹೋದೆ. ದೂರು ವಿಭಾಗದ ಅಧಿಕಾರಿ, ಪಕ್ಕದಲ್ಲಿ ಹೃದಯದ ಡಾಕ್ಟರು. ನನ್ನ ಹಿಂದೆ ತಂಗಿ.

ಅಧಿಕಾರಿ ಎರಡು ಕಾಗದ ಜೋಡಿಸಿ ಇಟ್ಟ. "ನೋಡಿ ಮೇಡಂ, ಒಂದಕ್ಕೊಂದು ಹೊಂದೋದೇ ಇಲ್ಲ."

"ಹೊಂದಲ್ಲ ಸರ್. ಅದೇ ನನ್ನ ದೂರು" ಅಂದೆ.

ಆತ ಅರ್ಜಿಯನ್ನು ನನ್ನತ್ತ ತಳ್ಳಿದ. "ರೂಲ್ಸು ಮೇಡಂ. ಬಲಗೈಲಿ ಒಂದೇ ಒಂದು ಸೈನ್ ಹಾಕಿಬಿಡಿ, ಮುಗೀತು" ಅಂದ.

"ಬೇಡ ಅಕ್ಕ" ಅಂದಳು ತಂಗಿ.

ಪೆನ್ ತೆಗೆದುಕೊಂಡೆ, ಬಲಗೈಯಲ್ಲಿ. ಮೊದಲನೇ ಅಕ್ಷರಕ್ಕೇ ಬೆರಳು ನೀಲಿ. ಎರಡನೆಯದಕ್ಕೆ ಬೆವರು ಕಾಗದದ ಮೇಲೆ ಬಿತ್ತು. ಕೊನೇ ಗೆರೆ ಎಳೆಯುವಾಗ ಪೆನ್ ಜಾರಿ ಮೇಜಿನ ಮೇಲೆಲ್ಲ ಗೀಚಿತು. ಡಾಕ್ಟರು ನೋಡುತ್ತಲೇ ಇದ್ದರು. ಕೈಯ ಬಣ್ಣ ಬದಲಾಗುವುದನ್ನು ಈ ಮೂರು ತಿಂಗಳಲ್ಲಿ ಅವರು ನೋಡಿದ್ದು ಇದೇ ಮೊದಲು.

"ಇರಲಿ ಬಿಡಿ, ಗೀಚಿದ್ರೆ ಪರವಾಗಿಲ್ಲ" ಅಂದ ಅಧಿಕಾರಿ.

"ಪರವಾ ಇದೆ ಸರ್. ಬಹಳ ಪರವಾ ಇದೆ."

ಇಷ್ಟು ಜೋರಾಗಿ ನಾನು ಯಾರೆದುರೂ ಮಾತಾಡಿದವಳಲ್ಲ. ಡಾಕ್ಟರು ತಲೆ ತಗ್ಗಿಸಿದರು. "ಲೆಟರ್ ನಾನೇ ಬರೀತೀನಿ ಅಮ್ಮಾ" ಅಂದರು.

ಮಾರ್ಚ್ 26

ನೋವಿಗೆ ನಾಲ್ಕು ದಿನ ಎಡಗೈಯಲ್ಲೂ ಪೆನ್ ಹಿಡಿಯಲಾಗಲಿಲ್ಲ. ಒಂದು ಸಹಿಗೆ ಇಷ್ಟು. ಪುಸ್ತಕ ತುಂಬಿದ್ದು ತಂಗಿ. 9, 9, 10, 9.

ಮಾರ್ಚ್ 28, ಬೆಳಿಗ್ಗೆ 11

ಲೆಟರ್ ಬಂತು!

ತಂಗಿ ಜೋರಾಗಿ ಓದಿದಳು. ಆಂಜಿಯೋಗ್ರಾಮ್ ವೇಳೆ ಉಂಟಾದ ತೊಡಕಿನಿಂದ… ದೀರ್ಘಕಾಲದ ನರನೋವು… ಇಷ್ಟು ಸಾಕಿತ್ತು ನನಗೆ. ಅಳು ಬಂತು. ಆಮೇಲೆ ಅವಳ ದನಿ ನಿಂತಿತು.

"ಏನೇ?"

"ಅಕ್ಕ… ಎಡಗೈಯಲ್ಲಿ ಅಂತ ಬರೆದಿದ್ದಾರೆ."

ಎಡಗೈ. ಎದುರು ಕೂತಿದ್ದರಲ್ಲ, ನನ್ನ ಬಲ ಅವರಿಗೆ ಎಡವಾಗಿ ಕಂಡಿದೆ. ಅಳತೆ ತೆಗೆಯಲು ಬಂದ ಹೊಸಬರು ಮೊದಲ ದಿನ ಮಾಡುವ ತಪ್ಪು. ಎರಡನೇ ದಿನ ಮಾಡಿದರೆ ನಾನು ಬೈಯುತ್ತಿದ್ದೆ.

ಫೋನ್ ಮಾಡಿದೆ. ಡಾಕ್ಟರು ರಜೆ. ಅದೇ ಅಧಿಕಾರಿ. "ಸಣ್ಣ ತಪ್ಪು ಮೇಡಂ, ತಿದ್ದಿಕೊಡೋಣ. ಒಂದು ತಿದ್ದುಪಡಿ ಅರ್ಜಿ ಕೊಡಿ. ಸಹಿ ಮಾತ್ರ ಹೊಂದಬೇಕು."

ತಿಂಗಳು ಮುಗಿಯಲು ಮೂರೇ ದಿನ.

ಅದೇ ದಿನ, ಮಧ್ಯಾಹ್ನ 3

ತಾನು ಬರೆಯುತ್ತೇನೆ ಅಂದಳು ತಂಗಿ. ಬೇಡ ಅಂದೆ. ಸಹಿ ಒಂದೇ ಏಕೆ, ಅರ್ಜಿ ಪೂರ್ತಿ ಬಲಗೈಯಲ್ಲೇ ಬರೆದು ಕೊಡುತ್ತೇನೆ. ಪ್ರತಿ ಅಕ್ಷರವನ್ನೂ ಹೊಂದಿಸಿ ನೋಡಿಕೊಳ್ಳಲಿ. ಮೊದಲು ಇಲ್ಲಿ ಬರೆದು ನೋಡುತ್ತೇನೆ. ಪೆನ್ ಬಲಗೈಗೆ ತೆಗೆದುಕೊಂಡೆ.

ಮಾನ್ಯರೇ,

ನನ್ನ ಬಲ