ಬೇಲಿಗೆ ಕಟ್ಟಿದ್ದ ಬ್ಯಾಂಕಿನ ಹಸು

ಗೆಳತಿ ಹಿಲ್ಮಿಯಾ,

ಸಲಾಂ. ಒಂದು ಹಸು ಕೊಡಿಸಲು ಇಡೀ ದಿನ ಬೇಕೇ ಎಂದು ಕೇಳಿದ್ದೀಯ. ಸಂತೆಗೆ ಹೋಗುವುದನ್ನು ಬಿಟ್ಟು, ಹಣವನ್ನೇ ಜನರ ಕೈಗಿಟ್ಟು ಸಹಿ ಹಾಕಿಸಿಕೊಳ್ಳಬೇಕಂತೆ; ಇಲ್ಲದಿದ್ದರೆ ಬ್ಯಾಂಕಿನ ನಮ್ಮ ಹಳ್ಳಿಯ ಶಾಖೆ ಮುಚ್ಚುತ್ತೀರಂತೆ. ಮಾತರಮ್ ನಗರದ ದೊಡ್ಡ ಕಚೇರಿಗೆ ಹೋಗುವ ಮುಂಚೆ ನೀನೂ ನನ್ನ ಜೊತೆ ಸಂತೆಯ ಸಗಣಿ ತುಳಿದವಳೇ. "ಹಸುವಿನ ಹಿಂದೆ ಅಲೆಯೋಕೇನೇ ನಾವು ಓದಿದ್ದು? ಅದರ ಮೇಲೆ ಮನೆಮನೆಯಲ್ಲೂ ಕಾಫಿ ಬೇರೆ!" ಎಂದು ನೀನು ಗೊಣಗಿದಾಗ ನಾನು ನಗುತ್ತಿದ್ದೆ. ಈಗ ನಗು ಬರುತ್ತಿಲ್ಲ.

ಕಳೆದ ತಿಂಗಳ ಸಂಗತಿ ಕೇಳು. ರುಮಿಸಾ ಗೊತ್ತಲ್ಲ, ಗಂಡ ತೀರಿಹೋದ ಮೇಲೆ ಕೂಲಿ ಮಾಡಿ ಮೊಮ್ಮಗಳನ್ನು ಸಾಕುತ್ತಿರುವವಳು, ಊರೆಲ್ಲ 'ಇನಾಕ್', ಅಂದರೆ ತಾಯಿ, ಎಂದೇ ಕರೆಯುವವಳು. ಅವಳಿಗೆಂದು ಬ್ಯಾಂಕಿನ ಹೆಸರಿನಲ್ಲಿ ಹಸು ಕೊಂಡೆ. ಬಡ್ಡಿ ನಮಗೆ ಹರಾಮು. ಹಸು ಮೊದಲು ನಮ್ಮದಾಗಬೇಕು. ಆಮೇಲೆ 'ಮಾರಿದೆ', 'ಕೊಂಡೆ' ಎಂಬ ಮಾತಾಗಿ, ಲಾಭ ಸೇರಿಸಿದ ಬೆಲೆಯನ್ನು ಅವಳು ಕಂತಿನಲ್ಲಿ ತೀರಿಸಬೇಕು. ಗಾಡಿ ಓಡಿಸುವ ಸಹ್ನುನ್ ಹಸುವನ್ನು ತಂದು ಅವಳ ಮನೆಯ ಬೇಲಿಗೆ ಕಟ್ಟಿದ. ನಾನು ಕಾಗದ ತೆಗೆದೆ.

"ನಿಂತ ಕಾಲಲ್ಲೇ ವ್ಯಾಪಾರ ಮಾಡ್ತಾರೇನೇ ಮಗಳೇ? ಕೂತ್ಕೋ, ಮೊದಲು ಕಾಫಿ ಕುಡಿ," ಎಂದಳು ಇನಾಕ್.

ಕಾಫಿ ಸುಡುತ್ತಿತ್ತು. ಅದು ಆರುವಷ್ಟರಲ್ಲಿ ಹಸು ಬೇಲಿಯ ಪಕ್ಕ ಬಿದ್ದಿದ್ದ ಬಾಡಿದ ಮರಗೆಣಸಿನ ಸೊಪ್ಪು ತಿಂದು, ಅದರ ವಿಷವೇರಿ ನೊರೆ ಕಾರಿ ಉರುಳಿತು. ಮತ್ತೆ ಏಳಲಿಲ್ಲ.

ಇನಾಕ್ ಕುಸಿದು ಕೂತಳು. "ಅಯ್ಯೋ, ಈ ಸಾಲ ನನ್ನ ಮೊಮ್ಮಗಳ ತಲೆಗೂ ಬಂತಲ್ಲಪ್ಪಾ!"

ಸಹ್ನುನ್ ನನ್ನ ಕಿವಿಯಲ್ಲಿ, "ಮಾರಿ ಆಗಿತ್ತು ಅಂದುಬಿಡಮ್ಮಾ. ಅವಳಿಗೇನು ತಿಳಿಯುತ್ತೆ? ನಿನ್ನ ನೌಕರಿ ಉಳಿಯುತ್ತೆ," ಎಂದ.

ಸುಳ್ಳೇಕೆ, ನನಗೆ ಭಯವಾಯಿತು. ಆದರೂ ಹೇಳಿದೆ, "ಅಳಬೇಡ ಇನಾಕ್. ನೀನಿನ್ನೂ ಕೊಂಡಿಲ್ಲ. ಸತ್ತಿದ್ದು ಬ್ಯಾಂಕಿನ ಹಸು." ಅವಳು ನಂಬಲು ಬಹಳ ಹೊತ್ತು ಹಿಡಿಯಿತು.

ಹಣ ಕೈಗಿಟ್ಟಿದ್ದರೆ ನಮಗೆ ದಿನ ಉಳಿಯುತ್ತಿತ್ತು, ಅವಳಿಗೆ ಸಾಲ ಉಳಿಯುತ್ತಿತ್ತು. ನೀನು ದಂಡವೆನ್ನುವ ಆ ಹೊತ್ತಿನಲ್ಲಿ ಹಸು ನಮ್ಮದು, ನಷ್ಟವೂ ನಮ್ಮದು. ಲಾಭ ಕೇಳಲು ನಮಗಿರುವ ಹಕ್ಕು ಅದೊಂದೇ, ಹಿಲ್ಮಿಯಾ.

ನಿನ್ನೆ ಇನ್ನೊಂದು ಹಸು ಒಯ್ದು, ಸೊಪ್ಪಿನಿಂದ ದೂರ ಕಟ್ಟಿಸಿದೆ. ಕಾಫಿ ಮುಗಿಸಿ ಕಾಗದ ಬಿಚ್ಚಿದರೆ ಇನಾಕ್ ಮತ್ತೆ ನನ್ನ ಲೋಟ ತುಂಬಿಸಿದಳು. "ಇನ್ನೊಂದು ಲೋಟ ಕುಡಿಯೇ. ನಿಮ್ಮ ಹಸು ಇನ್ನೂ ಸ್ವಲ್ಪ ಹೊತ್ತು ಬದುಕಿರಲಿ, ಆಮೇಲೆ ಕೊಂಡ್ಕೋತೀನಿ."

ಕುಡಿದೆ.

ಶಾಖೆ ಮುಚ್ಚುವುದೇ ಆದರೆ ಆದೇಶವನ್ನು ಅಂಚೆಗೆ ಹಾಕಬೇಡ, ನೀನೇ ತಾ. ಇನಾಕ್ ಮನೆಯ ಜಗುಲಿಯಲ್ಲಿ ಕೂತು ಅವಳಿಗೇ ಓದಿ ಹೇಳು. ಮೊದಲು ಕಾಫಿ ಕೊಡುತ್ತಾಳೆ.

ನಿನ್ನ ಕೆಲಸಕ್ಕೆ ಬರಕತ್ತಿರಲಿ.

ನಿನ್ನ,
ಜೊಹರಿಯಾ