ಭಾವನ ಮೂಗನ್ನು ಉರುಳಿಸಿದವರಿಗೆ

ಮಾನ್ಯ ಪರಂಪರೆ ಸಂರಕ್ಷಣಾಧಿಕಾರಿಗಳೇ,

ಸಂರಕ್ಷಣೆ ಎಂಬ ಪದವನ್ನು ನಿಮ್ಮ ಹುದ್ದೆಯೇ ಬಳಸಿಕೊಂಡುಬಿಟ್ಟಿದೆ. ಹಾಗಾಗಿ ಹೋದ ತಿಂಗಳು ನಮ್ಮ ಸುಣ್ಣಕಲ್ಲಿನ ಬೆಟ್ಟದ ಮೇಲೆ ನೀವು ಮಾಡಿಸಿದ ಕೆಲಸವನ್ನು ಏನೆಂದು ಕರೆಯಬೇಕೋ ನನಗೆ ತಿಳಿಯುತ್ತಿಲ್ಲ. ಕಡಲಿಗೆ ಮುಖಮಾಡಿ ನಿಂತಿದ್ದ ಬಿಳಿ ಕಲ್ಲಿನ ಕಂಬವನ್ನು, ಊರವರೆಲ್ಲ ‘ಭಾವನ ಮೂಗು’ ಎನ್ನುತ್ತಿದ್ದುದನ್ನು, ನಿಮ್ಮ ಯಂತ್ರ ಕೆಡವಿಹಾಕಿತು. ಹೊಸ ವೀಕ್ಷಣಾ ಕಟ್ಟೆಯ ಮೇಲೆ ನಿಂತವರಿಗೆ ಅದು ಸೂರ್ಯಾಸ್ತವನ್ನು ಮರೆಮಾಡುತ್ತಿತ್ತಂತೆ. ಅದೇ ಕಟ್ಟೆಯ ಪಕ್ಕದಲ್ಲಿ ಈಗ ಕಲ್ಲು ಒಡೆಯುವವನ ಹಲಗೆಯ ಚಿತ್ರ ನಿಲ್ಲಿಸಿದ್ದೀರಿ. ಮುಖವಿರಬೇಕಾದ ಕಡೆ ತೂತು. ಬಂದವರು ಅದರಲ್ಲಿ ತಮ್ಮ ಮುಖವಿಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ಕೆಳಗೆ ‘ನಮ್ಮ ಹೆಮ್ಮೆಯ ಕಲ್ಲುಗಣಿ ಪರಂಪರೆ’ ಎಂಬ ಬರಹ. ಪರಂಪರೆಯನ್ನು ಇಷ್ಟು ಸಲೀಸಾಗಿ ತೊಟ್ಟು ಕಳಚಬಹುದೆಂದು ನಮಗೆ ಗೊತ್ತಿರಲಿಲ್ಲ.

ಆ ಕಂಬ ಅಲ್ಲಿ ಯಾಕಿತ್ತು ಎಂದು ನೀವು ಯಾರನ್ನಾದರೂ ಕೇಳಿದಿರಾ? ಕೇಳಿದ್ದರೆ ಬೆಟ್ಟದ ಬುಡದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ನಾನೇ ಹೇಳುತ್ತಿದ್ದೆ. ನನ್ನ ಅಪ್ಪ ಆ ಬೆಟ್ಟದಲ್ಲಿ ಹಿಂದೆ ಇದ್ದ ಸುಣ್ಣಕಲ್ಲಿನ ಗಣಿಯಲ್ಲಿ ಮೇಸ್ತ್ರಿಯಾಗಿದ್ದ. ಅಮ್ಮನ ತಮ್ಮ, ಅಂದರೆ ನನ್ನ ಸೋದರಮಾವ, ಮೀನು ಹಿಡಿಯುವವನು. ಬೆಟ್ಟದ ತುದಿಯನ್ನು ಗುರುತು ಹಿಡಿದೇ ದೋಣಿಗಳು ಬಂಡೆಗಳನ್ನು ತಪ್ಪಿಸಿ ದಡಕ್ಕೆ ಬರುತ್ತಿದ್ದವು. ಗಣಿ ಬೆಳೆದಂತೆಲ್ಲ ತುದಿ ತಗ್ಗುತ್ತಾ ಬಂತು. ಒಂದು ದಿನ ಮಾವ ನಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಹೇಳಿದ: “ಭಾವ, ನಿಮ್ಮ ಬೆಟ್ಟ ದಿನಾ ಕುಳ್ಳಗಾಗ್ತಿದೆ. ನಾವು ಏನು ನೋಡ್ಕೊಂಡು ಮನೆಗೆ ಬರೋದು?”

“ಬೆಟ್ಟ ನಂದೇನೋ? ಮಾಲೀಕರನ್ನ ಕೇಳು,” ಎಂದು ಅಪ್ಪ ನಕ್ಕುಬಿಟ್ಟ.

ಆ ವರ್ಷವೇ ಮಂಜು ಕವಿದ ಒಂದು ಬೆಳಗ್ಗೆ, ತಗ್ಗಿದ ತುದಿ ಮಂಜಿನ ಮೇಲೆ ಕಾಣದೆ, ಮಾವನ ದೋಣಿ ಬಂಡೆಗೆ ಬಡಿಯಿತು. ಮಾವ ಮುರಿದ ಕಾಲಿನಲ್ಲಿ ಈಜಿ ದಡ ಸೇರಿದ. ದೋಣಿಯಲ್ಲಿದ್ದ, ಚಿಕ್ಕಂದಿನಿಂದ ಅವನ ಜೊತೆಯಲ್ಲೇ ಬೆಳೆದ ಗೆಳೆಯ ಸೇರಲಿಲ್ಲ. ಅಪ್ಪ ಅಂದು ತಟ್ಟೆಯ ಮುಂದೆ ಕೂತು, ಉಣ್ಣದೆ, ಸುಣ್ಣ ತಿಂದ ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದ. ಮರುದಿನ ಹೋಗಿ, ತುದಿಯಲ್ಲಿ ಇನ್ನೂ ಉಳಿದಿದ್ದ ಕಲ್ಲಿನ ಮೇಲೆ ಕೂತುಬಿಟ್ಟ. ಉಳಿದ ಕೆಲಸಗಾರರೂ ಸುತ್ತ ಕೂತರು. ಸುಡಲು ಕಲ್ಲು ಬಾರದೆ ಸುಣ್ಣದ ಗೂಡುಗಳು ಆರಿದವು. ಮಾಲೀಕರು ಏದುಸಿರು ಬಿಡುತ್ತಾ ಮೇಲೆ ಹತ್ತಿ ಬಂದರು.

“ಇಷ್ಟು ಒಳ್ಳೆ ಕಲ್ಲು ಯಾಕಯ್ಯಾ ಬಿಡಬೇಕು?”

“ಕಡಲಲ್ಲಿ ಇರೋರಿಗೆ ಬೇಕು ಸ್ವಾಮಿ.”

“ಕಡಲಿನ ವಿಷಯದಲ್ಲಿ ನೀನ್ಯಾಕೆ ಮೂಗು ತೂರಿಸ್ತೀಯ?”

ಅಪ್ಪ ಏಳಲಿಲ್ಲ. ಗೂಡು ಆರಿದಷ್ಟೂ ನಷ್ಟ ತಮ್ಮದೇ ಎಂದು ಕೊನೆಗೆ ಮಾಲೀಕರೇ ಮಣಿದರು. ಕಲ್ಲು ಉಳಿಯಿತು, ಅಪ್ಪನ ಮೇಸ್ತ್ರಿಕೆ ಉಳಿಯಲಿಲ್ಲ. ಸಾಯುವವರೆಗೂ ಅವನು ಗೂಡಿಗೆ ಕಲ್ಲು ತುಂಬುವ ಆಳಾಗಿಯೇ ದುಡಿದ, ಕೆಮ್ಮಿದ. ಸುತ್ತಲಿನ ಬೆಟ್ಟ ಕರಗಿ ಕಂಬವೊಂದೇ ಎದ್ದು ನಿಂತಾಗ ಮಾವ ಬಂದರಿನಲ್ಲಿ ಅದಕ್ಕೆ ಆ ಹೆಸರಿಟ್ಟ. ಪ್ರತಿ ವರ್ಷ ಗಣಿಯವರು ಸುಣ್ಣ ಕಲಸುತ್ತಿದ್ದರು, ಮೀನಿನವರು ಹಗ್ಗ ತರುತ್ತಿದ್ದರು. ಎರಡೂ ಕಡೆಯವರು ಬೈದಾಡಿಕೊಂಡೇ ಅದಕ್ಕೆ ಬಿಳಿ ಬಳಿಯುತ್ತಿದ್ದರು.

ಇದನ್ನೆಲ್ಲ ಹೇಳಲು, ಕಂಬ ಉರುಳುವ ಮೊದಲೇ, ನಿಮ್ಮ ಕಚೇರಿಗೆ ಎಷ್ಟೋ ಸಲ ಅಲೆದೆ. ನೀವು ಪ್ರತಿ ಸಲವೂ ಸಭೆಯಲ್ಲಿದ್ದಿರಿ. ನಿಮ್ಮ ಗುಮಾಸ್ತರು ಸಭ್ಯರು, ಕುರ್ಚಿ ಕೊಟ್ಟರು. “ಅದು ಪರಂಪರೆ ಅಲ್ಲಮ್ಮ. ಗಣಿ ಮುಚ್ಚಿದಾಗ ಉಳಿದ ಕಲ್ಲು ಅಷ್ಟೇ,” ಎಂದರು.

“ಉಳಿದಿದ್ದಲ್ಲ ಸಾರ್, ಉಳಿಸಿದ್ದು,” ಎಂದೆ. ಅವರು ಫ್ಯಾನಿನ ವೇಗ ಹೆಚ್ಚಿಸಿದರು.

ಕಂಬ ಉರುಳಿದ ಬೆಳಗ್ಗೆ ಮಾವ ನನ್ನ ಅಂಗಡಿಯಲ್ಲೇ ಕೂತಿದ್ದ. ಅವನಿಗೀಗ ಕಣ್ಣು ಮಂಜು. ಸದ್ದಿಗೆ ಕಪಾಟಿನ ಗಾಜು ಅದುರಿತು. ಏನದು ಎಂದ. ಹೇಳಿದೆ. “ಹೋಗ್ಲಿ ಬಿಡು. ಈಗಿನ ಹುಡುಗರ ದೋಣೀಲಿ ದಾರಿ ತೋರಿಸೋ ಯಂತ್ರ ಇದೆ. ಅವರು ಬರ್ತಾರೆ,” ಎಂದ. ಆಮೇಲೆ, “ಅಕ್ಕ ನನ್ನನ್ನ ಒಂದು ದಿನಾನೂ ಬೈಲಿಲ್ಲ, ಗೊತ್ತಾ? ನನ್ನಿಂದಾನೇ ಭಾವನ ಕೆಲಸ ಹೋಗಿದ್ದು,” ಎಂದ. ಇಷ್ಟು ವರ್ಷ ಅವನು ಈ ಮಾತನ್ನು ಬಾಯಿಬಿಟ್ಟು ಆಡಿರಲಿಲ್ಲ. ನಾನು ಹೊಲಿಗೆ ಯಂತ್ರ ನಿಲ್ಲಿಸಿ ಅವನ ಪಕ್ಕದಲ್ಲಿ ಕೂತೆ.

ಹೌದು ಮಾನ್ಯರೇ, ಆ ಕಂಬ ಈಗ ಯಾರಿಗೂ ದಾರಿ ತೋರಿಸುತ್ತಿರಲಿಲ್ಲ. ಆ ವಾದವನ್ನು ನಿಮಗೆ ಪುಕ್ಕಟೆಯಾಗಿ ಬಿಟ್ಟುಕೊಡುತ್ತೇನೆ. ಆದರೆ ಕೂಲಿಯವರು ತಮ್ಮ ಅನ್ನದ ಕಲ್ಲನ್ನು ಇನ್ನೊಬ್ಬರ ಜೀವಕ್ಕಾಗಿ ಕಡಿಯದೆ ಬಿಟ್ಟರಲ್ಲ, ಅದು ಪರಂಪರೆಯಲ್ಲದಿದ್ದರೆ ನೀವು ಸಂರಕ್ಷಿಸುತ್ತಿರುವುದು ಏನನ್ನು?

ಮತ್ತೆ ನಿಲ್ಲಿಸಿಕೊಡಿ ಎಂದು ಕೇಳುತ್ತಿಲ್ಲ. ನೀವು ನಿಲ್ಲಿಸಿದರೆ ಅದು ಸಿಮೆಂಟಿನದಾಗಿರುತ್ತದೆ. ಉರುಳಿದ ತುಂಡುಗಳನ್ನು ಪುಡಿಮಾಡಿ ವಾಹನ ನಿಲುಗಡೆಗೆ ಹಾಸುತ್ತೀರೆಂದು ನಿಮ್ಮ ಗುತ್ತಿಗೆದಾರರು ಹೇಳುತ್ತಿದ್ದಾರೆ. ಅದನ್ನು ಇಂದೇ ನಿಲ್ಲಿಸಿ. ಅವು ಬಿದ್ದಲ್ಲೇ ಇರಲಿ. ಮಾವನಿಗೆ ಅಷ್ಟು ದೂರ ನಡೆಯಲು ಇನ್ನೂ ಆಗುತ್ತದೆ. ಅವನನ್ನು ಕರೆದುಕೊಂಡು ಹೋಗಿ ಒಂದರ ಮೇಲೆ ಕೂರಿಸಬೇಕೆಂದಿದ್ದೇನೆ.

ಇಂತಿ,
ನಿಮ್ಮ ಸೂರ್ಯಾಸ್ತಕ್ಕೆ ಅಡ್ಡಬಂದ ಮೇಸ್ತ್ರಿಯ ಮಗಳು