ಹೊಸೂರಿನ ರಾಧಮ್ಮ ಕೊಂಡ ಚಿತ್ರ

ಹೊಸೂರು
೨೩-೨-೧೯೮೩, ಬುಧವಾರ

ಪ್ರೀತಿಯ ನಿಮಗೆ,

ನಿಮ್ಮ ರಾಧೆಯ ನಮಸ್ಕಾರಗಳು. ಬೆನ್ನುನೋವು ಈಗ ಹೇಗಿದೆ? ಹೋದ ಕಾಗದದಲ್ಲಿ ನೀವು ಅದರ ಮಾತನ್ನೇ ಎತ್ತಿರಲಿಲ್ಲ. ಎತ್ತಲಿಲ್ಲವೆಂದರೆ ನೋವು ಹೆಚ್ಚಾಗಿದೆ ಎಂದೇ ಅರ್ಥ, ಇಪ್ಪತ್ತು ವರ್ಷದ ಸಂಸಾರದಲ್ಲಿ ನಾನು ಅಷ್ಟಾದರೂ ಕಲಿತಿದ್ದೇನೆ. ರೋಗಿಗಳಿಗೆ ಹೇಳುವುದನ್ನು ನೀವೂ ಸ್ವಲ್ಪ ಮಾಡಿ, ಮೆತ್ತೆ ತೆಗೆದುಹಾಕಿ ಹಲಗೆಯ ಮೇಲೆ ಮಲಗಿ. ಆ ಲಿಬಿಯಾದ ಆಸ್ಪತ್ರೆಯ ಅಡುಗೆಯವನು ಅನ್ನವನ್ನು ಇನ್ನೂ ಅಂಟಿನ ಹಾಗೇ ಬೇಯಿಸುತ್ತಾನೆಯೇ? ನಾನು ಕಳಿಸಿದ ಸಾರಿನ ಪುಡಿ ಮುಗಿದಿದ್ದರೆ ಬರೆಯಿರಿ. ಇಲ್ಲಿ ಅತ್ತೆಯವರು ಗಟ್ಟಿಯಾಗಿದ್ದಾರೆ. ಬೆಳಗಿನ ಚಳಿ ಇನ್ನೂ ಬಿಟ್ಟಿಲ್ಲ, ನಿಮ್ಮ ಹಳೆಯ ಸ್ವೆಟರನ್ನು ಅವರೇ ಹಾಕಿಕೊಂಡು ಓಡಾಡುತ್ತಾರೆ; ತೊಳೆಯಲೂ ಕೊಡುವುದಿಲ್ಲ. ಮಗಳು ವಸುಧಾ ಸೇಲಂ ಹಾಸ್ಟೆಲಿನಿಂದ ಕಾಗದ ಬರೆದಿದ್ದಾಳೆ. ಪರೀಕ್ಷೆ ಚೆನ್ನಾಗಿ ಮಾಡಿದ್ದಾಳಂತೆ.

ಈಗ ಬೆಂಗಳೂರಿನ ಕಲಾಮೇಳದ ಸುದ್ದಿ. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಓದುವಾಗ ನಿಮಗೆ ರಕ್ತದೊತ್ತಡ ಏರುತ್ತದೆ. ಸುಬ್ಬರಾಮ ಅವರ ಚಿತ್ರ ನಾನು ಕೊಳ್ಳಲಿಲ್ಲ. "ಯಾವುದಾದರೂ ಸರಿ, ದೊಡ್ಡದನ್ನೇ ಹಿಡಿ, ಕೊಳ್ಳಲು ಬೊಂಬಾಯಿಯವರು ಬರುವ ಮೊದಲೇ ಮುಗಿಸು" ಎಂದು ನೀವು ಕೆಂಪು ಶಾಯಿಯಲ್ಲಿ ಗೆರೆ ಎಳೆದು ಬರೆದಿದ್ದನ್ನು ನಾನು ಮರೆತಿರಲಿಲ್ಲ. ಆ ಕಾಗದ ನನ್ನ ಚೀಲದಲ್ಲೇ ಇತ್ತು. ಆದರೂ ಕೊಳ್ಳಲಿಲ್ಲ. ಬೇರೆಯದನ್ನು ಕೊಂಡೆ. ಯಾಕೆ, ಹೇಗೆ ಎಂಬುದನ್ನು ನಿಧಾನವಾಗಿ ಬರೆಯುತ್ತೇನೆ, ನೀವೂ ನಿಧಾನವಾಗಿ ಓದಿ.

ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಅವಲಪಲ್ಲಿಯ ರಾಮಕೃಷ್ಣಪ್ಪನವರ ಟೆಂಪೋದಲ್ಲಿ ಬೆಂಗಳೂರಿಗೆ ಹೊರಟೆ. ಅವರ ಕಾಲಿನ ಹುಣ್ಣನ್ನು ನೀವು ವಾಸಿ ಮಾಡಿದ್ದು ನೆನಪಿದೆಯಲ್ಲ, ಆ ಕೋಸು ಬೆಳೆಯುವವರೇ. ಕೋಸಿನ ಮೂಟೆಗಳನ್ನು ಮಾರ್ಕೆಟ್ಟಿನಲ್ಲಿ ಇಳಿಸಿ, ಗಾಡಿ ಗುಡಿಸಿ, ನನ್ನನ್ನು ಮೇಳದ ಬಾಗಿಲಿನವರೆಗೆ ಬಿಟ್ಟು, ಹೊರಗೆ ಕಾಯುತ್ತೇನೆ ಎಂದರು. ನಾನೇ ಒಳಗೆ ಕರೆದುಕೊಂಡು ಹೋದೆ. ದೊಡ್ಡ ಬಯಲಿನಲ್ಲಿ ಶಾಮಿಯಾನ, ತಟ್ಟಿಯ ಗೋಡೆಗಳು, ಗೋಡೆಗೆ ನೇತುಹಾಕಿದ ಚಿತ್ರಗಳು, ಪ್ರತಿ ಮಳಿಗೆಯ ಮುಂದೂ ಮಡಿಸುವ ಕುರ್ಚಿಯಲ್ಲಿ ಕುಳಿತ ಕಲಾವಿದರು. ಇನ್ನೂರು ಜನ ಚಿತ್ರಕಾರರಾದರೂ ಇದ್ದರು. ರಾಮಕೃಷ್ಣಪ್ಪ ಎರಡು ಸಾಲು ನೋಡಿದ ಮೇಲೆ, "ಅಲ್ಲ ಡಾಕ್ಟ್ರಮ್ಮಾ, ಇವೆಲ್ಲ ತಲೆಕೆಳಗಾಗಿ ಹಾಕವ್ರಾ, ಇಲ್ಲ ಇಂಗೇನೇನಾ?" ಎಂದು ಪಿಸುಗುಟ್ಟಿದರು. ಒಂದನ್ನು ನಿಜವಾಗಿಯೂ ತಲೆಕೆಳಗಾಗಿ ನೇತುಹಾಕಿದ್ದರು ಎಂದು ಆಮೇಲೆ ಗೊತ್ತಾಯಿತು!

ನೇರವಾಗಿ ಸುಬ್ಬರಾಮ ಅವರ ಮಳಿಗೆಗೇ ಹೋದೆ. ನಿಮ್ಮ ಹೆಸರು ಹೇಳಿದ ಕೂಡಲೇ ಎದ್ದು ನಿಂತು ಕುರ್ಚಿ ಕೊಟ್ಟರು. ಮದರಾಸಿನಲ್ಲಿ ಯಾರೂ ತಮ್ಮ ಕಡೆ ತಿರುಗಿ ನೋಡದಿದ್ದ ಕಾಲದಲ್ಲಿ ನೀವು ಅವರ ಚಿತ್ರ ಕೊಂಡಿದ್ದನ್ನು ಅವರು ಮರೆತಿಲ್ಲ. ಕೂದಲು ಪೂರ್ತಿ ಬೆಳ್ಳಗಾಗಿದೆ. ಅವರ ಹೊಸ ಚಿತ್ರಗಳು ಆರಿದ್ದವು, ಆರೂ ನೀಲಿ. ನಮ್ಮ ಪಡಸಾಲೆಯಲ್ಲಿರುವ ಅವರ ಚಿತ್ರದ ನೀಲಿಯೇ. ಆದರೆ, ಹೇಗೆ ಹೇಳಲಿ, ಆ ನೀಲಿಯನ್ನು ನಾನು ಹದಿನಾರು ವರ್ಷದಿಂದ ದಿನಾ ನೋಡಿದ್ದೇನೆ. ಬೆಳಗಿನ ಬಿಸಿಲಿನಲ್ಲಿ ಒಂದು ಥರ, ದೀಪ ಹಚ್ಚಿದ ಮೇಲೆ ಒಂದು ಥರ. ಮೃದುವಾದ ಬಟ್ಟೆಯಲ್ಲಿ ಅದರ ಧೂಳು ಒರೆಸುವಾಗ ಯಾವ ಬಣ್ಣದ ಮೇಲೆ ಯಾವುದು ಕೂತಿದೆ ಎಂಬುದು ನನ್ನ ಬೆರಳಿಗೇ ಗೊತ್ತು. ಈ ಆರೂ ಚಿತ್ರಗಳು ಆ ಒಂದನ್ನು ನೆನಪಿಸಿಕೊಂಡು ಅವಸರದಲ್ಲಿ ಬರೆದಂಥವು. ಒಂದೊಂದರ ಮುಂದೂ ಹೋಗಿ ನಿಂತು ನೋಡಿದೆ. ಕೊನೆಗೆ ಅವರೇ, "ಯಾಕಮ್ಮ, ಹಿಡಿಸಲಿಲ್ಲವೇ?" ಎಂದು ಕೇಳಿದರು. ನಾನು, "ನಮ್ಮನೆಯ ಚಿತ್ರದಲ್ಲಿ ನೀವು ಏಳೆಂಟು ಸಲ ಬಣ್ಣ ಹಾಕಿ ಒಣಗಲು ಕಾದಿದ್ದೀರಿ ಸಾರ್. ಇವುಗಳಲ್ಲಿ ಎರಡೇ ಸಲ" ಎಂದುಬಿಟ್ಟೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನೀವೂ ಚಿತ್ರ ಬರೀತೀರಾ?" ಎಂದರು. "ಇಲ್ಲ, ಧೂಳು ಒರೆಸ್ತೀನಿ" ಎಂದೆ. ಅಕ್ಕಪಕ್ಕದ ಮಳಿಗೆಯವರು ತಿರುಗಿ ನೋಡುವಷ್ಟು ಜೋರಾಗಿ ನಕ್ಕರು, ಪುಣ್ಯಾತ್ಮರು. ಆಮೇಲೆ ಮೆಲ್ಲಗೆ, "ಈಚೆಗೆ ಎಲ್ಲರೂ ನೀಲಿಯನ್ನೇ ಕೇಳ್ತಾರಮ್ಮ" ಎಂದರು. ಸಾಲಿನ ಕೊನೆಯವರೆಗೆ ಬಂದು ಕಳಿಸಿಕೊಟ್ಟರು. ಅವರ ಮೇಲೆ ನನಗೆ ಗೌರವ ಕಡಿಮೆಯಾಗಿಲ್ಲ. ನಿಮಗೂ ಆಗುವುದು ಬೇಡ.

ಬರಿಗೈಯಲ್ಲಿ ಮನೆಗೆ ಹೋಗುವುದು ಎಂದುಕೊಂಡು ಕೊನೆಯ ಸಾಲಿಗೆ ಬಂದಾಗ, ನೀರಿನ ಡ್ರಮ್ಮಿನ ಪಕ್ಕದ ಮೂಲೆಯಲ್ಲಿ ಅದು ಕಂಡಿತು. ಐದಡಿ ಅಗಲ, ನಾಲ್ಕಡಿ ಎತ್ತರ. ದೂರದಿಂದ ಇಡೀ ಚಿತ್ರವೇ ಸುಟ್ಟ ಮಣ್ಣಿನ ಒಂದೇ ಬಣ್ಣ. ಹತ್ತಿರ ಹೋದರೆ ಕಂದು, ಬೂದಿ, ತುಕ್ಕಿನ ಕೆಂಪು, ಒಂದರ ಕೆಳಗೆ ಒಂದು ಉಸಿರಾಡುತ್ತವೆ. ಬಲಗಡೆಯ ಮೇಲಿನ ಮೂಲೆಯಿಂದ ಒಂದು ಬಿಳಿಯ ಗೆರೆ ಇಳಿದು ಬರುತ್ತದೆ, ನಡುವೆ ಎಲ್ಲೋ ಮುಳುಗುತ್ತದೆ, ಮತ್ತೆ ಎಡಗಡೆ ಎದ್ದು ಕ್ಯಾನ್ವಾಸಿನ ಅಂಚು ದಾಟಿ ಹೊರಟೇಹೋಗುತ್ತದೆ. ಮರವಿಲ್ಲ, ಮನೆಯಿಲ್ಲ, ಮನುಷ್ಯರಿಲ್ಲ. ಕೆಳಗೆ ಒಂದು ಚೀಟಿಯಲ್ಲಿ 'ಹನ್ನೊಂದು ಮೈಲಿ' ಎಂದು ಬರೆದಿತ್ತು. ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು. ರಾಮಕೃಷ್ಣಪ್ಪ ಕಾಫಿ ಕುಡಿದು ಬಂದರು, ಕಡಲೆಕಾಯಿ ತಿಂದು ಬಂದರು, ನಾನು ಅಲ್ಲೇ ಇದ್ದೆ.

ಬರೆದವಳು ಮೂವತ್ತರ ಆಸುಪಾಸಿನ ಹೆಂಗಸು. ಹೆಸರು ಚಿಕ್ಕತಾಯಮ್ಮ. ಊರು ಅಂಚೆಟ್ಟಿಯಿಂದಾಚೆ ಕಾಡಿನ ಅಂಚಿನ ಹಳ್ಳಿ, ಮದರಾಸಿನಲ್ಲಿ ಸ್ಕಾಲರ್‌ಷಿಪ್ಪಿನಲ್ಲಿ ಚಿತ್ರಕಲೆ ಓದಿ ಈಗ ಕೃಷ್ಣಗಿರಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್. ಮೊದಲು ನನ್ನ ಹತ್ತಿರ ಬಾಯಿಪಾಠ ಮಾಡಿಕೊಂಡಿದ್ದ ಇಂಗ್ಲಿಷಿನಲ್ಲಿ ಏನೋ ಶುರು ಮಾಡಿದಳು. ನಾನು ಕನ್ನಡದಲ್ಲಿ ಹೊಸೂರಿನವಳು ಎಂದ ಕೂಡಲೇ ಮುಖವೇ ಬೇರೆಯಾಯಿತು. "ಅಯ್ಯೋ, ನಮ್ ಕಡೆಯೋರಾ ಅಮ್ಮಾ? ಬೆಳಗ್ಗಿಂದ ಇಂಗ್ಲೀಸ್ ಆಡಿ ಆಡಿ ನಾಲ್ಗೆ ಒಣಗೋಯ್ತು" ಎಂದಳು. ಚಿತ್ರದ ನಡುವೆ, ಗೆರೆ ಮುಳುಗುವ ಜಾಗದಲ್ಲಿ, ಒಂದು ಆಳಿನ ಆಕಾರದಷ್ಟು ಬಣ್ಣ ಬೇರೆ ಕಡೆಗಿಂತ ತೆಳುವಾಗಿತ್ತು, ಓರೆಯಾಗಿ ನೋಡಿದರೆ ಚಾಕುವಿನ ಗುರುತು ಕಾಣುತ್ತಿತ್ತು. ನಾನು, "ಇಲ್ಲಿ ಯಾರೋ ನಿಂತಿದ್ದರಲ್ಲ, ಯಾಕೆ ಕೆರೆದು ತೆಗೆದಿರಿ?" ಎಂದು ಕೇಳಿದೆ. ಅವಳು ನನ್ನನ್ನೇ ನೋಡಿದಳು. "ಹೆಂಗ್ ಗೊತ್ತಾಯ್ತಮ್ಮಾ? ನಮ್ ಮೇಷ್ಟ್ರಿಗೇ ಗೊತ್ತಾಗ್ಲಿಲ್ಲ. ನಮ್ಮವ್ವ ಇದ್ಲು ಅಲ್ಲಿ, ಸೌದೆ ಹೊತ್ಕಂಡು. ಅವ್ಳಿದ್ರೆ ಎಲ್ರೂ ಅವ್ಳನ್ನೇ ನೋಡಿ ಅಯ್ಯೋ ಪಾಪ ಅಂದು ಹೊಂಟೋಯ್ತಿದ್ರು. ದಾರೀನ ಯಾರೂ ನೋಡ್ತಿರ್ಲಿಲ್ಲ. ಅದ್ಕೇ ತೆಗ್ದುಬುಟ್ಟೆ" ಎಂದಳು. ಅವಳ ತಾಯಿ ಬಸ್ಸು ಸಿಗದೆ ನಡೆಯುತ್ತಿದ್ದ ದೂರವಂತೆ ಆ ಹನ್ನೊಂದು ಮೈಲಿ. ಆದರೆ ಕೊಂಡಿದ್ದು ಆ ಕಥೆಗಾಗಿ ಅಲ್ಲ. ಕಥೆ ಕೇಳುವ ಮೊದಲೇ ಮನಸ್ಸಿನಲ್ಲಿ ಕೊಂಡಾಗಿತ್ತು.

ಬೆಲೆ ಕೇಳಿದೆ, ಒಪ್ಪಿದೆ, ಚೌಕಾಸಿ ಮಾಡಲಿಲ್ಲ. ನೀವು ಕಳಿಸಿದ್ದ ಹಣದಲ್ಲಿ ಅರ್ಧವೂ ಆಗಲಿಲ್ಲ. ಚೀಲದಿಂದ ಹಣ ತೆಗೆಯುತ್ತಿರುವಾಗಲೇ ಸಫಾರಿ ಸೂಟಿನ ಒಬ್ಬರು ಬಂದರು, ಹಿಂದೆ ಇಬ್ಬರು ಕ್ಯಾಟಲಾಗು ಹಿಡಿದುಕೊಂಡು. ನೀವು ಹೆದರಿದ್ದ ಬೊಂಬಾಯಿಯವರು ಇವರೇ ಇರಬೇಕು. ಒಂದು ನಿಮಿಷ ನೋಡಿ, ನಾನು ಕೊಡುವುದರ ಎರಡರಷ್ಟು ಕೊಡುತ್ತೇನೆ ಎಂದರು. ಹಣ ಇನ್ನೂ ನನ್ನ ಕೈಯಲ್ಲೇ ಇತ್ತು. ಚಿಕ್ಕತಾಯಮ್ಮ ನನ್ನ ಕಡೆ ನೋಡಿದಳು. ಅವಳಿಗೆ ಬೊಂಬಾಯಿಯ ದಾರಿ ತೆರೆಯಬಹುದಿತ್ತು, ಅದನ್ನು ನಾನು ಮುಚ್ಚುವುದು ಹೇಗೆ? "ನಿನ್ನ ಚಿತ್ರ, ನಿನ್ನ ಇಷ್ಟ ಕಣಮ್ಮ. ನನಗೇನೂ ಬೇಸರವಿಲ್ಲ" ಎಂದೆ. ಸುಳ್ಳು. ಕಣ್ಣಲ್ಲಿ ನೀರು ತುಂಬಿತ್ತು. ಅವಳು ಸೆರಗು ಸರಿಮಾಡಿಕೊಂಡು ಎದ್ದು ನಿಂತು ಅವರಿಗೆ ಇಂಗ್ಲಿಷಿನಲ್ಲಿ ಕ್ಷಮಿಸಿ ಎಂದಳು. ಆಮೇಲೆ ಇಂಗ್ಲಿಷ್ ಸಾಲದೆ ಕನ್ನಡದಲ್ಲೇ, "ಈಯಮ್ಮ ಅರ್ಧ ಗಂಟೆಯಿಂದ ನಿಂತವ್ರೆ ಸಾಮಿ. ನೀವು ಈಗ್ ಬಂದ್ರಿ" ಎಂದುಬಿಟ್ಟಳು. ಅವರಿಗೆ ಅರ್ಥವಾಯಿತೋ ಇಲ್ಲವೋ, ಪಕ್ಕದಲ್ಲಿದ್ದ ಇನ್ನೆರಡು ಸಣ್ಣ ಚಿತ್ರಗಳನ್ನು ಕೊಂಡು ಹೋದರು. ಅದೂ ನನಗೆ ಸಂತೋಷವೇ.

ಮೇಳದ ಕಚೇರಿಯಲ್ಲಿ ಒಂದು ದೊಡ್ಡ ರಿಜಿಸ್ಟರು. ಕೊಂಡವರ ಹೆಸರು ಬರೆಯಬೇಕು. ಕೈ ತಾನಾಗಿಯೇ 'ಡಾ. ಬದರೀನಾಥ' ಎಂದು ಬರೆಯಿತು. ಬರೆದದ್ದನ್ನು ನೋಡುತ್ತಿದ್ದ ಹಾಗೆ ಹಳೆಯದೊಂದು ನೆನಪಾಯಿತು. ಮದರಾಸಿನಿಂದ ನಿಮ್ಮ ಸ್ನೇಹಿತರು ಬಂದಿದ್ದಾಗ ಒಬ್ಬರು ನನ್ನನ್ನು, "ಗೋಡೆಯ ಈ ಚಿತ್ರಗಳಲ್ಲಿ ನಿಮಗೆ ಯಾವುದು ಇಷ್ಟ?" ಎಂದು ಕೇಳಿದ್ದರು. ನಾನು ಬಾಯಿ ತೆರೆಯುವ ಮೊದಲೇ ನೀವು, "ಅವಳಿಗೆ ಇದೆಲ್ಲ ಹಿಡಿಸೋದಿಲ್ಲ, ಅವಳ ಕಾಫಿ ಮಾತ್ರ ಫಸ್ಟ್ ಕ್ಲಾಸ್" ಎಂದಿರಿ. ಕೋಪದಿಂದ ಬರೆಯುತ್ತಿಲ್ಲ, ಕಾಫಿ ನಿಜವಾಗಿಯೂ ಚೆನ್ನಾಗಿತ್ತು. ಆದರೆ ಉತ್ತರ ನನ್ನ ಹತ್ತಿರ ಸಿದ್ಧವಾಗಿತ್ತು. ರಿಜಿಸ್ಟರಿನಲ್ಲಿ ನಿಮ್ಮ ಹೆಸರಿನ ಮೇಲೆ ಒಂದು ಗೆರೆ ಎಳೆದು 'ರಾಧಮ್ಮ, ಹೊಸೂರು' ಎಂದು ಬರೆದೆ. ಅಲ್ಲಿ ಕುಳಿತಿದ್ದವರು, "ಹೊಸೂರು ಅಂದ್ರೆ ತಮಿಳುನಾಡಲ್ಲವೇ? ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಿ!" ಎಂದರು. ನಮಗೆ ಇದೇನು ಹೊಸದೇ? "ನಮ್ಮ ಮುತ್ತಾತಂದಿರೂ ಮಾತಾಡ್ತಿದ್ರು" ಎಂದು ಹೇಳಿ ರಸೀತಿ ತೆಗೆದುಕೊಂಡೆ. ರಸೀತಿಯಲ್ಲೂ ನನ್ನ ಹೆಸರೇ ಇದೆ. ನಾಲ್ಕು ಸಲ ತೆಗೆದು ನೋಡಿದ್ದೇನೆ.

ರಾಮಕೃಷ್ಣಪ್ಪ ಚಿತ್ರವನ್ನು ಕಟ್ಟಿದ ರೀತಿ ನೀವು ನೋಡಬೇಕಿತ್ತು. ಕೆಳಗೆ ಖಾಲಿ ಗೋಣಿಚೀಲ, ಅದರ ಮೇಲೆ ತಮ್ಮದೇ ಹೊಸ ಕಂಬಳಿ, ಹಗ್ಗ ಕ್ಯಾನ್ವಾಸಿಗೆ ತಾಗದ ಹಾಗೆ ನಾಲ್ಕು ಮೂಲೆಗೆ ನಾಲ್ಕು ಮರದ ತುಂಡು. ದಾರಿಯುದ್ದಕ್ಕೂ ಹಳ್ಳ ಕಂಡರೆ ಗಾಡಿ ತೆವಳುತ್ತಿತ್ತು. ಗಡಿಯ ಚೆಕ್‌ಪೋಸ್ಟಿನಲ್ಲಿ ಕಂಬಳಿ ಎತ್ತಿ ನೋಡಿದ ಗುಮಾಸ್ತರು, "ಎನ್ನಮ್ಮಾ ಇದು?" ಎಂದರು. ತಮಿಳಿನಲ್ಲಿ ನಾನು ಹೇಳುವಷ್ಟರಲ್ಲಿ ರಾಮಕೃಷ್ಣಪ್ಪನವರೇ ಮುಂದೆ ಬಂದು, ಇದು ಮೇಳದಲ್ಲಿ ಬೊಂಬಾಯಿ ಸೇಠು ಕೇಳಿದರೂ ಸಿಗದ ಮಾಲು, ನಮ್ಮ ಡಾಕ್ಟ್ರಮ್ಮ ತಂದಿದ್ದು ಎಂದು ತಮಿಳು, ಕನ್ನಡ, ತೆಲುಗು ಮೂರೂ ಬೆರೆಸಿ ಭಾಷಣವನ್ನೇ ಮಾಡಿದರು. ಗುಮಾಸ್ತರು ಇನ್ನೊಮ್ಮೆ ನೋಡಿ, ತಲೆ ಆಡಿಸಿ, ಪುಸ್ತಕದಲ್ಲಿ ಚಿತ್ರವನ್ನು 'ಪಡಂ, ಒಂದು' ಎಂದು ಬರೆದುಕೊಂಡು ಬಿಟ್ಟರು. ನನಗೆ ನಗು, ಹೆಮ್ಮೆ ಎರಡೂ ಒಟ್ಟಿಗೆ ಬಂದವು.

ಮನೆಯಲ್ಲಿ ಅತ್ತೆಯವರು ಏನನ್ನುತ್ತಾರೋ ಎಂಬ ಅಂಜಿಕೆ ಇತ್ತು. ಕುರ್ಚಿ ಎಳೆದುಕೊಂಡು ಅದರ ಮುಂದೆ ಕುಳಿತು ಬಹಳ ಹೊತ್ತು ನೋಡಿದರು. "ಇದೂ ನಮ್ಮ ಬದರಿ ಹೇಳಿ ತರಿಸಿದ್ದೇನೇ?" ಎಂದರು. ಇಲ್ಲ, ನಾನೇ ಆರಿಸಿದ್ದು ಎಂದೆ. "ಹಾಗಾದ್ರೆ ಒಳಗೆ ಯಾಕೆ ಇಡ್ತೀ? ಬಂದವರಿಗೆ ಕಾಣೋ ಹಾಗೆ ಮುಂದಿನ ಕೋಣೇಲಿ ಹಾಕು" ಎಂದರು. ಹಾಗೇ ಹಾಕಿದ್ದೇನೆ. ನಿನ್ನೆ ಅಂಚೆಯವನಿಗೂ ಅವರೇ ತೋರಿಸಿ, "ನಮ್ಮ ಸೊಸೆ ಕೊಂಡಿದ್ದು" ಎಂದು ಹೇಳುತ್ತಿದ್ದುದು ಅಡುಗೆಮನೆಗೆ ಕೇಳಿಸಿತು. ಒಗ್ಗರಣೆ ಸೀದುಹೋಯಿತು, ಹೋಗಲಿ.

ಅತ್ತೆಯವರು ಆಶೀರ್ವಾದ ತಿಳಿಸಿದ್ದಾರೆ. ರಾಮಕೃಷ್ಣಪ್ಪ ಕೈಮುಗಿದು ನಿಮ್ಮ ಕ್ಷೇಮ ಕೇಳಿದ್ದಾರೆಂದು ಬರೆಯಲು ಹೇಳಿದ್ದಾರೆ. ವೇಳೆಗೆ ಸರಿಯಾಗಿ ಊಟ ಮಾಡಿ, ಬಿಸಿಲಿಗೆ ಟೋಪಿ ಹಾಕಿಕೊಳ್ಳಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮವಳು,
ರಾಧಾ

ತಾ. ಕ.: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಇನ್ನೆರಡು ವರ್ಷಕ್ಕೆ ಅಲ್ಲಿಯ ಆಸ್ಪತ್ರೆಯ ಕರಾರು ಮುಂದುವರಿಸಲೇ ಎಂದು ಕೇಳಿದ್ದಿರಿ. ಇಷ್ಟು ಪುಟ ಬರೆದದ್ದೇ ಅದಕ್ಕೆ ಉತ್ತರ ಬರೆಯುವುದನ್ನು ಮುಂದೆ ಹಾಕಲು ಎಂದು ಈಗ ಅನ್ನಿಸುತ್ತಿದೆ. ಸಹಿ ಹಾಕಬೇಡಿ. ಮನೆ ನಡೆಸಲು ಆಗುತ್ತಿಲ್ಲ ಎಂದು ಕರೆಯುತ್ತಿಲ್ಲ, ಅದು ನನಗೆ ಆಗುತ್ತದೆ. ಈ ಚಿತ್ರದ ಮುಂದೆ ನಿಂತು ನೀವು ಇದರಲ್ಲಿ ತಪ್ಪು ಹುಡುಕಬೇಕು, ನಾನು ಒಪ್ಪದೆ ಜಗಳವಾಡಬೇಕು. ಅದಕ್ಕೆ ನೀವೇ ಬೇಕು. ಏಪ್ರಿಲ್ ಮುಗಿಯುವುದರೊಳಗೆ ಬಂದುಬಿಡಿ.